ಗೆಳತಿಯ ಕರ್ತವ್ಯ

ನಮ್ಮ ಪಾಠಶಾಲೆಯ ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿದಾಗ, ಸ್ತ್ರೀವಿದ್ಯಾಭ್ಯಾಸದ ಅಭಿವೃದ್ಧಿಯನ್ನು ಕುರಿತೋ ಪರೀಕ್ಷೆಗಳ ಫಲಿತಾಂಶವನ್ನು ಕುರಿತೋ ನಾಲ್ಕು ಮಾತು ಬರೆಯುವೆವೆಂದು ಅವರು ನಿರೀಕ್ಷಿಸಿದ್ದಿರಬೇಕು. ಅಂಥ ಲೇಖನಗಳನ್ನು ನಾವು ಹಿಂದೆ ಬರೆದದ್ದುಂಟು, ಮುಂದೆಯೂ ಬರೆಯಬಹುದು. ಈ ಸಾರಿ ಮಾತ್ರ, ಇಂಥ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಅಚ್ಚಾಗದ ಒಂದು ವಿಷಯವನ್ನು ಎತ್ತಿಕೊಳ್ಳುವುದಕ್ಕೆ ವಾಚಕರ ಅಪ್ಪಣೆಯನ್ನು ಬೇಡುತ್ತೇವೆ. ಒಬ್ಬ ಹೆಣ್ಣುಮಗಳ ಮೇಲೆ ಬಲಾತ್ಕಾರ ನಡೆದ ತರುವಾಯ, ಆಕೆಯ ಗೆಳತಿಯಾದವಳು ಹೇಗೆ ನಡೆದುಕೊಳ್ಳತಕ್ಕದ್ದು ಎಂಬುದೇ ಆ ವಿಷಯ.

ಹೆಣ್ಣುಮಕ್ಕಳ ಶಾಲೆಯ ಪುಸ್ತಕದಲ್ಲಿ ಇಂಥ ಮಾತು ಬರಬಹುದೆ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಹೆಣ್ಣುಮಕ್ಕಳ ಶಾಲೆಯ ಪುಸ್ತಕದಲ್ಲಿ ಬರದಿದ್ದರೆ ಮತ್ತೆಲ್ಲಿ ಬರಬೇಕು? ನಮ್ಮ ಗೈಡ್ ದಳದ ಹುಡುಗಿಗೆ, ಜೊತೆಯವಳು ಮರದಿಂದ ಬಿದ್ದು ಕೈ ಮುರಿದುಕೊಂಡರೆ ಏನು ಮಾಡಬೇಕೆಂಬುದು ಗೊತ್ತು. ಹಾವು ಕಚ್ಚಿದರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದೂ ಗೊತ್ತು. ಈ ಒಂದು ಗಾಯಕ್ಕೆ ಮಾತ್ರ ನಾವು ಯಾವ ಪ್ರಥಮ ಚಿಕಿತ್ಸೆಯನ್ನೂ ಕಲಿಸಿಲ್ಲ. ಹೊತ್ತು ಮುಳುಗುವುದರೊಳಗಾಗಿ ಮನೆ ಸೇರಬೇಕೆಂದು ಕಲಿಸಿದ್ದೇವೆ. ಹಾಗೆ ಸೇರಲಾರದೆ ಹೋದವಳನ್ನು ಹೇಗೆ ಬರಮಾಡಿಕೊಳ್ಳಬೇಕೆಂಬುದನ್ನು ಕಲಿಸಲಿಲ್ಲ. ಮನೆಯೊಳಗೇ ಈ ಕಷ್ಟಕ್ಕೆ ಸಿಕ್ಕಿದವಳ ವಿಷಯವನ್ನಂತೂ ನಾವು ಎತ್ತಿದ್ದೇ ಇಲ್ಲ.

ಈ ಲೇಖನವನ್ನು ಬರೆಯುವುದಕ್ಕೆ ನಮಗೆ ಇನ್ನೊಂದು ಕಾರಣವೂ ಉಂಟು. ಅದನ್ನು ಮೊದಲೇ ಹೇಳಿಬಿಡುವುದು ಪ್ರಾಮಾಣಿಕತೆ.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ನಾವು ಆಗ ಸಹಾಯಕ ಉಪಾಧ್ಯಾಯಿನಿಯಾಗಿದ್ದೆವು. ನಮ್ಮಲ್ಲಿ ಓದಿ ಹೋಗಿ ಪಟ್ಟಣದಲ್ಲಿ ಉದ್ಯೋಗಕ್ಕೆ ಸೇರಿದ್ದ ಹುಡುಗಿಯೊಬ್ಬಳು ಒಂದು ಸಾಯಂಕಾಲ, ಬೋರ್ಡಿಂಗಿನಲ್ಲಿ ಊಟದ ಗಂಟೆ ಹೊಡೆಯುವ ಹೊತ್ತಿಗೆ, ನಮ್ಮನ್ನು ಹುಡುಕಿಕೊಂಡು ಬಂದಳು. ಅವಳ ಕೊಠಡಿಯಲ್ಲಿ ಒಟ್ಟಿಗೆ ವಾಸವಾಗಿದ್ದ ಗೆಳತಿಯ ಮೇಲೆ, ಆ ಗೆಳತಿಯ ಕಚೇರಿಯಲ್ಲಿಯೇ ದೊಡ್ಡ ಮನುಷ್ಯನೆನಿಸಿಕೊಂಡಿದ್ದ ಒಬ್ಬನು ಬಲಾತ್ಕಾರ ಮಾಡಿದ್ದನು. ಹುಡುಗಿ ನಿಂತೇ ಹೇಳಿದಳು. ನಾವು ಕೇಳಿದ ಪ್ರಶ್ನೆಗಳು ಇಂದಿಗೂ ನಮಗೆ ನೆನಪಿವೆ. ಆಗ ಹೊತ್ತೆಷ್ಟಾಗಿತ್ತು? ಅವನೊಡನೆ ಅವಳಿಗೆ ಮೊದಲಿನಿಂದ ಪರಿಚಯವಿತ್ತೆ? ಅಲ್ಲಿಗೆ ಒಬ್ಬಳೇ ಏಕೆ ಹೋದಳು? ಅವಳ ಮನೆಯವರಿಗೆ ತಿಳಿದಿದೆಯೆ? ಇಷ್ಟನ್ನು ಕೇಳಿ, ಕೊನೆಗೆ, ಇದರಲ್ಲಿ ನೀನು ತಲೆ ಹಾಕಬೇಡ, ನಾಳೆ ನಿನ್ನ ಹೆಸರೂ ಅದರೊಂದಿಗೆ ಸೇರೀತು ಎಂದು ಬುದ್ಧಿ ಹೇಳಿದೆವು. ಅವಳು ತಲೆ ತಗ್ಗಿಸಿ ಕೇಳಿ, "ಆಗಲಿ ಟೀಚರ್" ಎಂದಳು. ಊಟಕ್ಕೆ ಏಳೆಂದು ಸಹ ನಾವು ಅವಳಿಗೆ ಹೇಳಲಿಲ್ಲ. ಅವಳು ಆ ಕತ್ತಲೆಯಲ್ಲಿ ಬಸ್ಸಿಗೆ ಹೋದಳು.

ಬಹಳ ವರ್ಷಗಳ ತರುವಾಯ, ಹಳೆಯ ವಿದ್ಯಾರ್ಥಿನಿಯರ ಕೂಟವೊಂದರಲ್ಲಿ, ಅದೇ ಹುಡುಗಿ ಎರಡು ಮಕ್ಕಳ ತಾಯಿಯಾಗಿ ನಮ್ಮೆದುರಿಗೆ ಕುಳಿತಳು. "ನೀವು ಹೇಳಿದಂತೆ ನಾನು ಮಾಡಲಿಲ್ಲ ಟೀಚರ್, ಕ್ಷಮಿಸಬೇಕು" ಎಂದಳು. ಅವಳು ಮಾಡಿದ್ದಿಷ್ಟು. ಆ ರಾತ್ರಿ ಕೊಠಡಿಗೆ ಹೋಗಿ ಗೆಳತಿಯ ಮಂಚದ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗಿದಳು. ಏನನ್ನೂ ಕೇಳಲಿಲ್ಲ. ದೀಪ ಆರಿಸಬೇಡವೆಂದಾಗ ಆರಿಸಲಿಲ್ಲ. ಬೆಳಗ್ಗೆ ಗಂಜಿ ಕಾಯಿಸಿ ಕೊಟ್ಟಳು. ಮೂರನೆಯ ದಿನ ಗೆಳತಿಯೇ ಬಾಯಿ ಬಿಟ್ಟು ಆಸ್ಪತ್ರೆಗೆ ಹೋಗೋಣವೆಂದಾಗ ಜೊತೆಗೆ ಹೋಗಿ ದಿನವೆಲ್ಲ ಬೆಂಚಿನ ಮೇಲೆ ಕುಳಿತಳು. ಮುಂದೆ ದೂರು ಕೊಟ್ಟಾಗಲೂ, ಅದು ವಿಚಾರಣೆಗೆ ಬಂದಾಗಲೂ, ಪ್ರತಿಯೊಂದು ವಾಯಿದೆಗೂ ರಜ ಹಾಕಿ ಹೋದಳು. ಮೊಕದ್ದಮೆ ಗೆದ್ದಿತೆ ಎಂದು ನಾವು ಕೇಳಿದೆವು. "ಇಲ್ಲ ಟೀಚರ್, ಅವನು ಬಿಡುಗಡೆಯಾದ. ಆದರೆ ಅವಳು ಉಳಿದಳು" ಎಂದಳು.

ಕ್ಷಮೆ ಬೇಡಬೇಕಾದವರು ಯಾರೆಂಬುದನ್ನು ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಅಂದಿನಿಂದ ನಾವು ನಮ್ಮ ಆ ನಾಲ್ಕು ಪ್ರಶ್ನೆಗಳನ್ನು ಪರೀಕ್ಷಿಸಿ ನೋಡಿದ್ದೇವೆ. ಅವುಗಳಲ್ಲಿ ಒಂದಾದರೂ ಆ ನೊಂದ ಹುಡುಗಿಯ ಹಿತಕ್ಕಾಗಿ ಕೇಳಿದ್ದಲ್ಲ. ಎಲ್ಲವನ್ನೂ ನಮ್ಮ ಮನಸ್ಸಿನ ಸಮಾಧಾನಕ್ಕಾಗಿ ಕೇಳಿದೆವು. ಅವಳು ಎಲ್ಲಿಯೋ ಒಂದು ತಪ್ಪು ಹೆಜ್ಜೆ ಇಟ್ಟಿರಬೇಕು, ಆ ಹೆಜ್ಜೆಯನ್ನು ನಮ್ಮ ಮಕ್ಕಳು ಇಡದಿದ್ದರೆ ಅವರಿಗೆ ಈ ಕಷ್ಟ ಬಾರದು ಎಂದು ನಂಬಿಕೊಳ್ಳುವುದಕ್ಕೆ ನಮಗೆ ಒಂದು ಆಧಾರ ಬೇಕಾಗಿತ್ತು. ಆ ಆಧಾರವನ್ನು ಅವಳಿಂದ ಕಿತ್ತುಕೊಳ್ಳುವುದಕ್ಕೆ ಹೋದೆವು.

ವೇದಪುಸ್ತಕದಲ್ಲಿ ಯೋಬನ ಮೂವರು ಸ್ನೇಹಿತರ ಕಥೆಯನ್ನು ನಮ್ಮ ಮಕ್ಕಳೆಲ್ಲರೂ ಓದಿದ್ದಾರೆ. ಯೋಬನಿಗೆ ಒದಗಿದ ವಿಪತ್ತನ್ನು ಕೇಳಿ ಅವರು ದೂರದ ಊರುಗಳಿಂದ ಬಂದರು. ಅವನ ದುಃಖವು ಬಹಳವೆಂದು ಕಂಡು, ಏಳು ದಿನ ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತರು. ಅಲ್ಲಿಯವರೆಗೆ ಅವರು ಒಳ್ಳೆಯ ಸ್ನೇಹಿತರೇ. ಆಮೇಲೆ ಬಾಯಿ ತೆರೆದು, ಇಷ್ಟು ಕಷ್ಟ ಬರಬೇಕಾದರೆ ನೀನೇನೋ ಪಾಪ ಮಾಡಿರಬೇಕೆಂದು ಕಾರಣವನ್ನು ಹುಡುಕಲಾರಂಭಿಸಿದರು. ಆ ಗಳಿಗೆಯಿಂದ ಅವರು ಅವನ ಹುಣ್ಣುಗಳಿಗಿಂತ ಹೆಚ್ಚಿನ ಬಾಧೆಯಾದರು. ಕಥೆಯ ಕೊನೆಗೆ ದೇವರು ಕೋಪಿಸಿಕೊಂಡದ್ದು ಯೋಬನ ಮೇಲಲ್ಲ, ಅವರ ಮೇಲೆ. ನಮ್ಮ ಹಳೆಯ ವಿದ್ಯಾರ್ಥಿನಿ ಮಾಡಿದ್ದು ಆ ಏಳು ದಿನದ ಕೆಲಸ. ನಾವು ಮಾಡಿದ್ದು ಎಂಟನೆಯ ದಿನದ್ದು.

ಹಾಗಾದರೆ ಗೆಳತಿಯು ಮೊದಲು ಏನು ಹೇಳಬೇಕು? ಹೆಚ್ಚು ಮಾತು ಬೇಡ. "ನಿನ್ನ ಮಾತನ್ನು ನಾನು ನಂಬುತ್ತೇನೆ. ಇದು ನಿನ್ನ ತಪ್ಪಲ್ಲ. ನಿನ್ನ ಜೊತೆಯಲ್ಲಿ ನಾನಿದ್ದೇನೆ" ಎಂಬಷ್ಟೇ ಸಾಕು. ಜಾಗತಿಕ ಆರೋಗ್ಯ ಸಂಸ್ಥೆಯವರು ೨೦೧೪ರಲ್ಲಿ ವೈದ್ಯರಿಗೂ ದಾದಿಯರಿಗೂ ಹೊರಡಿಸಿದ ಕೈಪಿಡಿಯಲ್ಲಿ ಹೇಳಿರುವುದೂ ಬಹುಮಟ್ಟಿಗೆ ಇದನ್ನೇ: ಮೊದಲು ಕೇಳು, ಏನು ಬೇಕೆಂದು ವಿಚಾರಿಸು, ಅವಳ ಮಾತಿಗೆ ಬೆಲೆ ಕೊಡು, ಮುಂದೆ ಅಪಾಯವಿಲ್ಲದಂತೆ ನೋಡಿಕೊ, ನೆರವು ದೊರಕುವ ಕಡೆಗೆ ದಾರಿ ತೋರಿಸು. ಇದಕ್ಕೆ ಯಾವ ಪದವಿಯೂ ಬೇಕಾಗಿಲ್ಲ. ಅವಳ ಅಪ್ಪಣೆಯಿಲ್ಲದೆ ಅವಳನ್ನು ಅಪ್ಪಿಕೊಳ್ಳಲೂ ಹೋಗಬಾರದು. ಮುಟ್ಟಿಸಿಕೊಳ್ಳುವುದು ಬೇಡವೆನ್ನುವ ಅಧಿಕಾರವನ್ನು ಅವಳಿಂದ ಒಬ್ಬನು ಈಗಾಗಲೇ ಕಿತ್ತುಕೊಂಡಿರುತ್ತಾನೆ.

ಇಲ್ಲಿ ವಿವೇಕಿಗಳಾದ ಕೆಲವರು ಆಕ್ಷೇಪಣೆಯನ್ನು ತರಬಹುದು. ವಿಚಾರಿಸದೆ ನಂಬುವುದು ನ್ಯಾಯವೆ? ಒಬ್ಬ ನಿರಪರಾಧಿಯ ಮೇಲೆ ಸುಳ್ಳು ಹೊರಿಸಿದ್ದಾದರೆ? ಇದು ಯೋಗ್ಯವಾದ ಪ್ರಶ್ನೆಯೇ; ಆದರೆ ಕೇಳತಕ್ಕ ಸ್ಥಳ ಬೇರೆ. ಸಾಕ್ಷ್ಯವನ್ನು ತೂಗುವುದಕ್ಕೆ ನ್ಯಾಯಸ್ಥಾನವಿದೆ. ಎದುರು ಪಕ್ಷದ ವಕೀಲರಿದ್ದಾರೆ. ಸಂಶಯದ ಲಾಭವನ್ನು ಆಪಾದಿತನಿಗೆ ಕೊಡುವ ನಿಯಮವಿದೆ. ಗೆಳತಿಯ ನಂಬಿಕೆಯಿಂದ ಯಾರೂ ಸೆರೆಮನೆಗೆ ಹೋಗುವುದಿಲ್ಲ. ಗೆಳತಿಯ ಅಪನಂಬಿಕೆಯಿಂದಲಾದರೋ ಒಬ್ಬಳು ಆ ಮಾತನ್ನು ಜೀವಮಾನದಲ್ಲಿ ಮತ್ತೊಮ್ಮೆ ಎತ್ತದೆ ಹೋಗಬಹುದು. ಕೈ ಮುರಿದುಕೊಂಡು ಬಂದವಳಿಗೆ ಕಟ್ಟು ಕಟ್ಟುವುದಕ್ಕೆ ಮುಂಚೆ, ಬಿದ್ದದ್ದಕ್ಕೆ ಸಾಕ್ಷಿಗಳುಂಟೆ ಎಂದು ಯಾವ ಗೈಡೂ ಕೇಳುವುದಿಲ್ಲವಷ್ಟೆ.

"ಏಕೆ ಕೂಗಿಕೊಳ್ಳಲಿಲ್ಲ?" ಎಂಬ ಪ್ರಶ್ನೆಯೊಂದುಂಟು. ಇದನ್ನು ಕೇಳದವರೇ ಕಡಮೆ. ಇದರಿಂದ ನಮ್ಮ ದೇಶದಲ್ಲಿ ಎಂಥ ಅನ್ಯಾಯ ನಡೆಯಿತೆಂಬುದನ್ನು ನಮ್ಮ ವಾಚಕರು ತಿಳಿದಿರುವುದು ಒಳ್ಳೆಯದು. ೧೯೭೨ರಲ್ಲಿ ಮಹಾರಾಷ್ಟ್ರದ ಒಂದು ಪೊಲೀಸ್ ಠಾಣೆಯ ಒಳಗಡೆಯಲ್ಲಿಯೇ ಬುಡಕಟ್ಟಿನ ಒಬ್ಬ ಹುಡುಗಿಯ ಮೇಲೆ ಬಲಾತ್ಕಾರ ನಡೆಯಿತೆಂದು ಮೊಕದ್ದಮೆಯಾಯಿತು. ಸರ್ವೋಚ್ಚ ನ್ಯಾಯಾಲಯವು, ಅವಳ ಮೈಮೇಲೆ ಗಾಯದ ಗುರುತುಗಳಿಲ್ಲವೆಂಬುದನ್ನೂ ಅವಳು ಕೂಗಿಕೊಂಡಳೆಂಬುದು ನಂಬತಕ್ಕದ್ದಲ್ಲವೆಂಬುದನ್ನೂ ಕಾರಣವಾಗಿ ಹಿಡಿದು, ಆಪಾದಿತರಾದ ಪೊಲೀಸರನ್ನು ಬಿಡುಗಡೆ ಮಾಡಿತು. ೧೯೭೯ರಲ್ಲಿ ಉಪೇಂದ್ರ ಬಕ್ಷಿ, ರಘುನಾಥ ಕೇಳ್ಕರ್, ಲೋತಿಕಾ ಸರ್ಕಾರ್, ವಸುಧಾ ಧಗಂವಾರ್ ಎಂಬ ನಾಲ್ವರು ನ್ಯಾಯಶಾಸ್ತ್ರದ ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರವನ್ನು ಬರೆದರು; ಸುಮ್ಮನಿದ್ದುದು ಒಪ್ಪಿದಂತಾಗುವುದೆ ಎಂಬುದೇ ಅವರ ವಾದದ ತಿರುಳು. ದೇಶದ ಹೆಂಗಸರು ಬೀದಿಗಿಳಿದರು. ೧೯೮೩ರಲ್ಲಿ ಕಾಯಿದೆಯು ತಿದ್ದುಪಡಿಯಾಗಿ, ಪೊಲೀಸರ ವಶದಲ್ಲಿ ಇಂಥದು ನಡೆದಾಗ, ತಾನು ಒಪ್ಪಲಿಲ್ಲವೆಂದು ಆಕೆ ಹೇಳಿದರೆ ಒಪ್ಪಲಿಲ್ಲವೆಂದೇ ನ್ಯಾಯಸ್ಥಾನವು ಭಾವಿಸತಕ್ಕದ್ದೆಂದಾಯಿತು. ೨೦೧೩ರ ತಿದ್ದುಪಡಿಯು ಇನ್ನೂ ಮುಂದೆ ಹೋಗಿ, ಮೈಬಲದಿಂದ ಎದುರಿಸಲಿಲ್ಲವೆಂಬ ಒಂದೇ ಕಾರಣದಿಂದ ಯಾವ ಹೆಂಗಸೂ ಒಪ್ಪಿದಳೆಂದು ಎಣಿಸಲಾಗದೆಂದು ಸ್ಪಷ್ಟವಾಗಿ ಬರೆಯಿತು. ೨೦೨೪ನೆಯ ಜುಲೈ ಒಂದರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಆ ಮಾತು ಉಳಿದಿದೆ. ಕಾಯಿದೆಯು ಕಲಿಯುವುದಕ್ಕೆ ನಲವತ್ತು ವರ್ಷ ಹಿಡಿಯಿತು. ನಮ್ಮ ಅಡಿಗೆಮನೆಗಳೂ ಜಗಲಿಗಳೂ ಇನ್ನೂ ಕಲಿಯಬೇಕಾಗಿದೆ.

ಭಯವು ಮಿತಿಮೀರಿದಾಗ ದೇಹವು ಮರಗಟ್ಟುತ್ತದೆ, ನಾಲಿಗೆ ಏಳುವುದಿಲ್ಲ, ಕೈಕಾಲು ಆಡುವುದಿಲ್ಲ. ಇದು ಒಪ್ಪಿಗೆಯಲ್ಲ, ದೇಹದ ಸ್ವಭಾವ. ಅನಂತರದ ನಡತೆಯೂ ಒಬ್ಬೊಬ್ಬರಲ್ಲಿ ಒಂದೊಂದು ತೆರನಾಗಿರುತ್ತದೆ. ಅಮೆರಿಕದ ಬಾಸ್ಟನ್ ನಗರದ ಆಸ್ಪತ್ರೆಯಲ್ಲಿ ಆನ್ ಬರ್ಜೆಸ್ ಎಂಬ ದಾದಿಯೂ ಲಿಂಡಾ ಹೋಮ್‌ಸ್ಟ್ರಾಮ್ ಎಂಬ ಸಮಾಜಶಾಸ್ತ್ರಜ್ಞೆಯೂ ಇಂಥ ಹೆಂಗಸರನ್ನು ಮಾತನಾಡಿಸಿ ೧೯೭೪ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಕೆಲವರು ಅತ್ತು ನಡುಗುತ್ತಿದ್ದರು. ಇನ್ನು ಕೆಲವರು ಏನೂ ನಡೆದಿಲ್ಲವೆಂಬಂತೆ ಶಾಂತರಾಗಿ ಕುಳಿತಿದ್ದರು. ಒಳಗಿನ ನೋವು ಇಬ್ಬರಿಗೂ ಒಂದೇ. ಆದಕಾರಣ, ಮಾರನೆಯ ದಿನ ತಲೆ ಬಾಚಿಕೊಂಡು ಕೆಲಸಕ್ಕೆ ಹೋದಳೆಂದೋ ನಕ್ಕಳೆಂದೋ ಅವಳ ಮಾತನ್ನು ಅನುಮಾನಿಸಬಾರದು. ನಡೆದುದನ್ನು ಹಿಂದುಮುಂದಾಗಿ, ತುಂಡು ತುಂಡಾಗಿ ಹೇಳಿದಳೆಂದೂ ಅನುಮಾನಿಸಬಾರದು.

ಇನ್ನು ಕೈಯಿಂದ ಮಾಡತಕ್ಕ ಕೆಲಸಗಳು. ಇದರಲ್ಲಿ ಹೊತ್ತು ಕಳೆದರೆ ಆಮೇಲೆ ಸಿಕ್ಕದವುಗಳು ಕೆಲವುಂಟು. ಅವುಗಳನ್ನು ಪ್ರತಿಯೊಬ್ಬ ಹೆಣ್ಣುಮಗಳೂ ತಿಳಿದಿರಬೇಕು. ಗರ್ಭ ನಿಲ್ಲದಂತೆ ತಡೆಯುವ ಮಾತ್ರೆಯನ್ನು ಆದಷ್ಟು ಬೇಗನೆ, ೭೨ ಗಂಟೆಯೊಳಗೆ ತೆಗೆದುಕೊಳ್ಳುವುದು ಉತ್ತಮ. ಎಚ್.ಐ.ವಿ. ಸೋಂಕು ತಗಲದಂತೆ ಕೊಡುವ ಔಷಧವನ್ನು ೭೨ ಗಂಟೆಯೊಳಗೆ ಆರಂಭಿಸಲೇ ಬೇಕು. ವೈದ್ಯಕೀಯ ಸಾಕ್ಷ್ಯವು ದಿನ ಕಳೆದಂತೆ ಅಳಿಯುತ್ತದೆ. ಕೇಂದ್ರ ಆರೋಗ್ಯ ಇಲಾಖೆಯವರ ೨೦೧೪ರ ಮಾರ್ಗಸೂಚಿಯಂತೆ ೯೬ ಗಂಟೆಗಳವರೆಗೆ ಅದನ್ನು ಸಂಗ್ರಹಿಸುತ್ತಾರೆ. ಸ್ನಾನ ಮಾಡದೆ, ಬಟ್ಟೆ ಒಗೆಯದೆ ಹೋದರೆ ಒಳ್ಳೆಯದು. ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಲ್ಲ, ಕಾಗದದಲ್ಲಿ ಸುತ್ತಿಡಬೇಕು. ಅವಳು ಆಗಲೇ ಸ್ನಾನ ಮಾಡಿಬಿಟ್ಟಿದ್ದರೆ ಅದಕ್ಕಾಗಿ ಒಂದು ಮಾತನ್ನೂ ಆಡಬಾರದು. ಮೈಯನ್ನು ತೊಳೆದುಕೊಳ್ಳಬೇಕೆಂದು ತೋರುವುದು ಸಹಜ, ಚಿಕಿತ್ಸೆಗೆ ಅದರಿಂದ ಅಡ್ಡಿಯೂ ಇಲ್ಲ. ದಿನಗಳು, ವಾರಗಳು ಕಳೆದಿದ್ದರೂ ಆಸ್ಪತ್ರೆಗೆ ಹೋಗುವುದು ವ್ಯರ್ಥವಲ್ಲ.

ಸರಕಾರದ್ದಾಗಲಿ ಖಾಸಗಿಯದಾಗಲಿ, ಯಾವ ಆಸ್ಪತ್ರೆಯವರೂ ಇಂಥವಳಿಗೆ ಹಣವಿಲ್ಲದೆ ಚಿಕಿತ್ಸೆ ಮಾಡಲೇ ಬೇಕೆಂದು ೨೦೧೩ರಿಂದ ಕಾಯಿದೆಯಿದೆ, ಮಾಡಲಾರೆವೆಂದವರಿಗೆ ಶಿಕ್ಷೆಯುಂಟು. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸತಕ್ಕ ನಿಯಮವೂ ಉಂಟು. ಇದನ್ನು ಗೆಳತಿಯು ಅವಳಿಗೆ ಮೊದಲೇ ಹೇಳಬೇಕು, ಏಕೆಂದರೆ ಈಗ ಅವಳಿಗೆ ಅನಿರೀಕ್ಷಿತವಾದ ಯಾವುದೂ ಒಳ್ಳೆಯದಲ್ಲ. ಆದರೆ ಅವಳ ಒಪ್ಪಿಗೆಯಿಲ್ಲದೆ ಅವಳ ಮೈಯನ್ನು ಯಾರೂ ಪರೀಕ್ಷಿಸುವಂತಿಲ್ಲ. ಬೇಡವೆನ್ನುವ ಹಕ್ಕು ಪರೀಕ್ಷೆಯ ನಡುವೆಯೂ ಅವಳಿಗಿದೆ. 'ಎರಡು ಬೆರಳಿನ ಪರೀಕ್ಷೆ' ಎಂಬ ಹೇಯವಾದ ಪದ್ಧತಿಯನ್ನು ಸರ್ವೋಚ್ಚ ನ್ಯಾಯಾಲಯವು ೨೦೧೩ರಲ್ಲಿ ಖಂಡಿಸಿತು. ೨೦೨೨ರಲ್ಲಿ, ಅದನ್ನು ಮಾಡುವವರು ದುರ್ನಡತೆಯ ಅಪರಾಧಿಗಳೆಂದು ಹೇಳಿತು. ಹಿಂದೆ ಅವಳ ನಡತೆ ಹೇಗಿತ್ತೆಂಬ ವಿಚಾರಣೆಗೂ ನ್ಯಾಯಸ್ಥಾನದಲ್ಲಿ ಈಗ ಎಡೆಯಿಲ್ಲ.

ದೂರು ಕೊಡಬೇಕೆಂದಿದ್ದರೆ, ಘಟನೆ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಿಯಾದರೂ ಕೊಡಬಹುದು. ಅದನ್ನು ಬರೆದುಕೊಳ್ಳತಕ್ಕವಳು ಮಹಿಳಾ ಅಧಿಕಾರಿ. ಅದರ ಪ್ರತಿಯನ್ನು ಹಣವಿಲ್ಲದೆ ಕೊಡತಕ್ಕದ್ದು. ಅವಳ ಹೆಸರನ್ನಾಗಲಿ ಗುರುತನ್ನಾಗಲಿ ಅಚ್ಚು ಹಾಕಿ ಪ್ರಕಟಿಸಿದವರಿಗೆ ಎರಡು ವರ್ಷದವರೆಗೆ ಶಿಕ್ಷೆಯುಂಟು. ವಾಟ್ಸಾಪಿನಲ್ಲಿ ಹರಡುವವರೂ ಇದನ್ನು ನೆನಪಿಡಲಿ. ೧೯೮೭ರ ಕಾಯಿದೆಯ ಪ್ರಕಾರ, ಎಷ್ಟೇ ಆದಾಯವಿರಲಿ, ಪ್ರತಿಯೊಬ್ಬ ಹೆಂಗಸಿಗೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ದೊರೆಯುತ್ತಾರೆ; ಪರಿಹಾರಧನಕ್ಕಾಗಿ ಅರ್ಜಿ ಹಾಕುವುದೂ ಅಲ್ಲಿಯೇ. ವೈದ್ಯರು, ಪೊಲೀಸರು, ವಕೀಲರು, ಸಾಂತ್ವನ ಹೇಳುವವರು ಇವರ ನೆರವೂ ಕೆಲವು ದಿನದ ಆಶ್ರಯವೂ ಒಂದೇ ಕಡೆಯಲ್ಲಿ ಸಿಕ್ಕಲೆಂದು ೨೦೧೫ರಿಂದ ಜಿಲ್ಲೆಗಳಲ್ಲಿ ಕೇಂದ್ರಗಳು ಏರ್ಪಟ್ಟಿವೆ. ಅವುಗಳಿಗೆ ಇಟ್ಟಿರುವ ಹೆಸರು 'ಸಖಿ'. ದೊಡ್ಡ ಸರಕಾರವು ತನ್ನ ಕಚೇರಿಗೆ ಹೆಸರಿಡಬೇಕಾದಾಗ ಗೆಳತಿ ಎಂಬ ಅರ್ಥದ ಮಾತನ್ನೇ ಆರಿಸಿಕೊಂಡಿತಲ್ಲವೆ? ಅಲ್ಲಿಗೆ ದಾರಿ ಕೇಳುವುದಕ್ಕೆ ೧೮೧ ಎಂಬ ಸಂಖ್ಯೆಗೆ ಫೋನು ಮಾಡಿದರೆ ಸಾಕು. ಕೂಡಲೇ ಅಪಾಯವಿದ್ದರೆ ೧೧೨. ಮಕ್ಕಳ ವಿಷಯಕ್ಕೆ ೧೦೯೮.

ಇಷ್ಟೆಲ್ಲವನ್ನು ತಿಳಿದ ಗೆಳತಿಯು ಮಾಡಬಾರದ ಒಂದು ಕೆಲಸವುಂಟು: ಅವಳ ಪರವಾಗಿ ತಾನೇ ತೀರ್ಮಾನ ಮಾಡುವುದು. ವಯಸ್ಸಿಗೆ ಬಂದ ಹೆಂಗಸು ದೂರು ಕೊಡುತ್ತಾಳೋ ಇಲ್ಲವೋ, ಇಂದೋ ಆರು ತಿಂಗಳ ಮೇಲೋ, ಯಾರಿಗೆ ಹೇಳುತ್ತಾಳೆ, ಯಾರಿಗೆ ಹೇಳುವುದಿಲ್ಲ ಎಂಬುದು ಅವಳಿಗೆ ಬಿಟ್ಟದ್ದು. ನಡೆದ ಅಪರಾಧದ ತಿರುಳೇ ಅವಳ ಇಚ್ಛೆಯನ್ನು ಲೆಕ್ಕಿಸದೆ ಹೋದದ್ದು. ಒಳ್ಳೆಯ ಉದ್ದೇಶದಿಂದಲೇ ಆಗಲಿ, ನಾವೂ ಅದನ್ನು ಲೆಕ್ಕಿಸದೆ ಅವಳನ್ನು ಕೈಹಿಡಿದು ಎಳೆದುಕೊಂಡು ಹೋದರೆ ನಾವು ಮಾಡಿದ ಉಪಕಾರವೇನು? ಸಣ್ಣ ಸಣ್ಣ ತೀರ್ಮಾನಗಳನ್ನು ಅವಳ ಕೈಗೆ ಹಿಂದಕ್ಕೆ ಕೊಡಬೇಕು: ಬಾಗಿಲು ಹಾಕಿರಲೋ ತೆರೆದಿರಲೋ, ಕಾಫಿಯೋ ಗಂಜಿಯೋ, ಮಾತನಾಡುವುದೋ ಸುಮ್ಮನಿರುವುದೋ.

ಆದರೆ ಹದಿನೆಂಟು ವರ್ಷ ತುಂಬದ ಮಕ್ಕಳ ವಿಷಯ ಹಾಗಲ್ಲ. ಇದನ್ನು ನಮ್ಮ ಶಾಲೆಯಲ್ಲಿ ಈಗ ಓದುತ್ತಿರುವ ಮಕ್ಕಳ ತಾಯಿತಂದೆಗಳು ಮನಸ್ಸಿಟ್ಟು ಓದಬೇಕು. ಪೋಕ್ಸೋ ಎಂದು ಹೆಸರಾದ ೨೦೧೨ರ ಕಾಯಿದೆಯಂತೆ, ಹುಡುಗಿಯಾಗಲಿ ಹುಡುಗನಾಗಲಿ, ಒಂದು ಮಗುವಿನ ಮೇಲೆ ಇಂಥ ಅಪರಾಧ ನಡೆದುದು ತಿಳಿದವರು ಪೊಲೀಸರಿಗೆ ತಿಳಿಸಲೇ ಬೇಕು. ತಿಳಿಸದೆ ಮುಚ್ಚಿಟ್ಟ ದೊಡ್ಡವರಿಗೆ ಶಿಕ್ಷೆಯುಂಟು. ಮುಖ್ಯೋಪಾಧ್ಯಾಯಿನಿಯೂ ಇದಕ್ಕೆ ಹೊರತಲ್ಲ. ಮಕ್ಕಳಿಗೆ ಮಾತ್ರ ಆ ಶಿಕ್ಷೆಯಿಲ್ಲ. ಆದಕಾರಣ ನಮ್ಮ ಹುಡುಗಿಯರಿಗೆ ನಾವು ಹೇಳುವುದಿದು: ನಿನ್ನ ಗೆಳತಿ ಗುಟ್ಟೆಂದು ಹೇಳಿದಾಗ, ಯಾರಿಗೂ ಹೇಳೆನೆಂದು ಆಣೆಯಿಡಬೇಡ, ಇಟ್ಟ ಆಣೆಯನ್ನು ಮುರಿದರೆ ಅವಳಿಗೆ ಅದೊಂದು ಎರಡನೆಯ ಪೆಟ್ಟು. "ಇದನ್ನು ಊರಿಗೆಲ್ಲ ಹೇಳುವುದಿಲ್ಲ, ಆದರೆ ನಂಬಿಕೆಯ ದೊಡ್ಡವರೊಬ್ಬರ ಹತ್ತಿರಕ್ಕೆ ಇಬ್ಬರೂ ಸೇರಿ ಹೋಗೋಣ" ಎಂದು ಹೇಳು. ಆಮೇಲೆ ಅವಳ ಕೈ ಬಿಡದೆ ನಡೆ. ಅದೇ ಕಾಯಿದೆಯು, ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದಕ್ಕೆ ಬೇಕಾದ ಸ್ಥಳದಲ್ಲಿ, ಅದು ನಂಬಿದವರ ಎದುರಿನಲ್ಲಿ, ಸಮವಸ್ತ್ರ ತೊಡದ ಅಧಿಕಾರಿಯು ತೆಗೆದುಕೊಳ್ಳಬೇಕೆಂದೂ, ವಿಚಾರಣೆಯಲ್ಲಿ ಆಪಾದಿತನು ಅದರ ಕಣ್ಣಿಗೆ ಬೀಳಬಾರದೆಂದೂ ವಿಧಿಸಿದೆ.

ಇನ್ನು ಮನೆತನದ ಮಾನದ ಪ್ರಶ್ನೆ. ಅಂದು ನಮ್ಮ ಬಾಯಿಯಿಂದ ಆ ಬುದ್ಧಿಮಾತನ್ನು ಹೊರಡಿಸಿದ್ದು ಇದೇ. ನಮ್ಮ ಭಾಷೆಯಲ್ಲಿಯೇ ಒಂದು ದೋಷವಿದೆ: ಬಲಾತ್ಕಾರಕ್ಕೆ ಸಿಕ್ಕಿದವಳ "ಮಾನ ಹೋಯಿತು" ಎನ್ನುತ್ತೇವೆ. ಮನೆಗೆ ಕನ್ನ ಬಿದ್ದರೆ, ಮಾನಗೆಟ್ಟವನೆಂದು ಕಳ್ಳನನ್ನು ಕರೆಯುತ್ತೇವೆಯೇ ಹೊರತು ಒಡವೆ ಕಳೆದುಕೊಂಡ ಯಜಮಾನನನ್ನಲ್ಲ. ಇಲ್ಲಿ ಮಾತ್ರ ಲೆಕ್ಕವು ತಿರುಗುಮುರುಗಾದದ್ದು ಹೇಗೆ? ಈ ಲೆಕ್ಕವನ್ನು ನಂಬಿಕೊಂಡಿರುವುದರಿಂದಲೇ ಅಪರಾಧಿಯು ಧೈರ್ಯವಾಗಿರುತ್ತಾನೆ. ವರ್ಷವರ್ಷವೂ ಪ್ರಕಟವಾಗುವ ರಾಷ್ಟ್ರೀಯ ಅಪರಾಧ ದಾಖಲೆಗಳನ್ನು ನೋಡಿದರೆ, ದಾಖಲಾದ ಮೊಕದ್ದಮೆಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆಪಾದಿತನು ಪರಿಚಿತನೇ ಆಗಿರುತ್ತಾನೆ: ನಂಟ, ನೆರೆಯವ, ಸ್ನೇಹಿತ, ಕೆಲಸ ಕೊಟ್ಟವ. ಅವನಿಗೆ ಆ ಮನೆಯ ಮಾನದ ಭಯ ಎಷ್ಟೆಂಬುದು ಚೆನ್ನಾಗಿ ಗೊತ್ತು.

ದಾವೀದನ ಮಗಳಾದ ತಾಮಾರಳ ಕಥೆಯನ್ನು ಭಾನುವಾರದ ಪಾಠಗಳಲ್ಲಿ ನಾವು ಸಾಮಾನ್ಯವಾಗಿ ದಾಟಿಬಿಡುತ್ತೇವೆ. ಮಲ ಅಣ್ಣನಾದ ಅಮ್ನೋನನು ರೋಗದ ನೆಪದಿಂದ ಅವಳನ್ನು ಕರೆಯಿಸಿಕೊಂಡು ಕೆಡಿಸಿದನು. ಒಡಹುಟ್ಟಿದ ಅಬ್ಷಾಲೋಮನು, ಅವನು ನಿನ್ನ ಅಣ್ಣನಲ್ಲವೆ, ಸುಮ್ಮನಿರು ಎಂದನು. ತಂದೆಯಾದ ಅರಸನು ಬಹಳ ಕೋಪಗೊಂಡನು. ಮಾಡಿದ್ದು ಏನೂ ಇಲ್ಲ. ಎರಡು ವರ್ಷದ ಮೇಲೆ ಅಬ್ಷಾಲೋಮನು ಅಮ್ನೋನನನ್ನು ಕೊಲ್ಲಿಸಿದನು. ಆ ಹಗೆಯು ಬೆಳೆದು ರಾಜ್ಯವೇ ಒಡೆಯಿತು. ಒಬ್ಬನು ಬಾಯಿ ಮುಚ್ಚಿಸಿದ, ಒಬ್ಬನು ಸಿಟ್ಟಾದ, ಮುಚ್ಚಿಸಿದವನೇ ಕತ್ತಿ ಹಿಡಿದ. ಮಗಳೇ, ನಿನಗೇನು ಬೇಕು ಎಂದು ಅವಳನ್ನು ಕೇಳಿದವರು ಆ ಅರಮನೆಯಲ್ಲಿ ಒಬ್ಬರೂ ಇರಲಿಲ್ಲ. ಅವಳು ಅಣ್ಣನ ಮನೆಯಲ್ಲಿ ಹಾಳಾಗಿ ಉಳಿದಳೆಂದು ಹೇಳಿ ಕಥೆಯು ಅವಳನ್ನು ಬಿಟ್ಟುಬಿಡುತ್ತದೆ. ತಾಮಾರಳಿಗೆ ಒಬ್ಬ ಗೆಳತಿ ಇದ್ದಿದ್ದರೆ ಎಂದು ನಾವು ಅನೇಕ ವೇಳೆ ಯೋಚಿಸಿದ್ದುಂಟು.

ದೊಣ್ಣೆ ಹಿಡಿದು ಹೊರಡುವ ಅಣ್ಣತಮ್ಮಂದಿರಿಗೂ, ರಾಜಿಗೆ ಕೂಡಿಸುವ ಹಿರಿಯರಿಗೂ ನಾವು ವಿನಯದಿಂದ ಹೇಳುವುದು ಒಂದೇ: ಮೊದಲು ಅವಳನ್ನು ಕೇಳಿರಿ. ಕೆಡಿಸಿದವನಿಗೇ ಅವಳನ್ನು ಕೊಟ್ಟು ಮದುವೆ ಮಾಡುವೆವೆಂಬ ರಾಜಿಯ ಮಾತನ್ನು ೨೦೧೫ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಠಿನವಾಗಿ ಖಂಡಿಸಿ, ಇಂಥ ಅಪರಾಧದಲ್ಲಿ ರಾಜಿಗೆ ಅವಕಾಶವೇ ಇಲ್ಲವೆಂದು ಹೇಳಿದೆ. ಒಂದು ಹೆಣ್ಣನ್ನು ಅವಳ ಶತ್ರುವಿನ ಮನೆಯಲ್ಲಿ ಜೀವಾವಧಿ ಇಡುವುದರಿಂದ ಯಾವ ಮನೆತನದ ಮಾನ ಉಳಿದೀತು?

ಕೊನೆಯದಾಗಿ, ಗೆಳೆತನಕ್ಕೆ ಅವಧಿಯಿಲ್ಲವೆಂಬುದನ್ನು ನೆನಪಿಗೆ ತರುತ್ತೇವೆ. ಮೊದಲ ವಾರದಲ್ಲಿ ಎಲ್ಲರೂ ಬರುತ್ತಾರೆ. ಆರು ತಿಂಗಳ ಮೇಲೆ, ಇನ್ನೂ ಅದನ್ನೇ ನೆನೆಸಿಕೊಂಡಿದ್ದೀಯೆ ಎಂದು ಅವರೇ ಕೇಳುತ್ತಾರೆ. ನಿದ್ದೆಯಿಲ್ಲದ ರಾತ್ರಿಗಳು, ಒಂದು ವಾಸನೆಗೋ ಹೆಜ್ಜೆಯ ಸದ್ದಿಗೋ ಬೆಚ್ಚುವುದು, ಕಾರಣವಿಲ್ಲದ ಸಿಟ್ಟು, ಇವು ಬಹಳ ಕಾಲ ಇರಬಹುದು. ಸಾಯುವ ಮಾತನ್ನು ಆಡಿದರೆ ಅದನ್ನು ಹಗುರವಾಗಿ ಎಣಿಸದೆ ಕೂಡಲೇ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕು. ಹೊರೆ ಹೊತ್ತ ಗೆಳತಿಗೂ ಹೆಗಲು ನೋಯುತ್ತದೆ. ಅವಳೂ, ಗೆಳತಿಯ ಹೆಸರನ್ನು ಹೇಳದೆಯೇ, ತನ್ನ ಭಾರವನ್ನು ಇಳಿಸಿಕೊಳ್ಳುವ ಒಂದು ಸ್ಥಳವನ್ನು ಹುಡುಕಿಕೊಳ್ಳಬೇಕು. ಅಂದು ನಮ್ಮಲ್ಲಿಗೆ ಬಂದ ಹುಡುಗಿ ಹುಡುಕಿಕೊಂಡು ಬಂದದ್ದು ಅಂಥ ಸ್ಥಳವನ್ನೇ.

ಈ ವರ್ಷದಿಂದ ನಮ್ಮ ಶಾಲೆಯ ಮೇಲಿನ ತರಗತಿಗಳಲ್ಲಿ ಪ್ರಥಮ ಚಿಕಿತ್ಸೆಯ ಪಾಠದೊಂದಿಗೆ ಈ ಪಾಠವನ್ನೂ ಸೇರಿಸಬೇಕೆಂದು ನಾವು ನಿಶ್ಚಯಿಸಿದ್ದೇವೆ. ತಾಯಿತಂದೆಗಳಿಂದ ನಾವು ಬೇಡುವುದು ಇಷ್ಟೇ: ನಿಮ್ಮ ಮಗಳನ್ನು ಒಂದು ಸಾಯಂಕಾಲ ಹತ್ತಿರ ಕೂರಿಸಿಕೊಂಡು, "ನಿನಗೇ ಆಗಲಿ ನಿನ್ನ ಗೆಳತಿಗೇ ಆಗಲಿ ಏನು ನಡೆದರೂ ಮೊದಲು ಈ ಮನೆಗೆ ಬಾ, ನಾವು ಕೇಳುವ ಮೊದಲನೆಯ ಮಾತು ಊಟವಾಯಿತೆ ಎಂಬುದು" ಎಂದು ಹೇಳಿರಿ. ಹಳೆಯ ವಿದ್ಯಾರ್ಥಿನಿಯರಿಗೆ ನಾವು ಹೇಳುವುದೂ ಅದೇ. ಶಾಲೆಯ ಗೇಟಿಗೆ ರಾತ್ರಿ ಬೀಗ ಹಾಕುವುದುಂಟು. ಪಕ್ಕದ ಚಿಕ್ಕ ಬಾಗಿಲು ನಿಮಗೆ ಗೊತ್ತಿದೆ. ತಟ್ಟಿರಿ. ಊಟದ ಗಂಟೆ ಹೊಡೆದ ಮೇಲೆ ಬಂದರೂ ಈ ಸಾರಿ ನಾವು ಎಲೆ ಹಾಕಿಸುತ್ತೇವೆ.